ಬಾಡಿಗೆ ಮನೆಯಲ್ಲಿ ಆದ ಹಾನಿ: ಹೊಣೆ ಯಾರದು, ಎಷ್ಟರವರೆಗೆ?

ಬಾಡಿಗೆ ಮನೆಯಲ್ಲಿ ವಾಸ ಮಾಡುವಾಗ ಕೈತಪ್ಪಿನಿಂದಲೋ ಮರೆವಿನಿಂದಲೋ, ಕೆಲವೊಮ್ಮೆ ಯಾರ ತಪ್ಪೂ ಇಲ್ಲದೆಯೋ ಏನಾದರೊಂದು ಹಾಳಾಗುತ್ತದೆ. ಕುಕ್ಕರ್ ಸಿಡಿದು ಅಡುಗೆಮನೆಯ ಗ್ರಾನೈಟ್ ಕಟ್ಟೆ ಬಿರುಕು ಬಿಡುತ್ತದೆ. ವಾಷಿಂಗ್ ಮಷೀನಿನ ಪೈಪು ಕಳಚಿಕೊಂಡು ಕೆಳಗಿನ ಮನೆಯ ಚಾವಣಿಯಲ್ಲಿ ನೀರು ಜಿನುಗುತ್ತದೆ. ಗೀಸರ್ ಕಾಯಿಲ್ ಸುಟ್ಟುಹೋಗುತ್ತದೆ, ವಾಷ್ ಬೇಸಿನ್ ಸೀಳುತ್ತದೆ, ಮಕ್ಕಳು ಎಸೆದ ಚೆಂಡಿಗೆ ಕಿಟಕಿಯ ಗಾಜು ಒಡೆಯುತ್ತದೆ. ಇವುಗಳ ಖರ್ಚನ್ನು ಯಾರು ಭರಿಸಬೇಕು, ಎಷ್ಟು ಭರಿಸಬೇಕು ಎಂಬುದು ನಮ್ಮ ನಗರಗಳಲ್ಲಿ ದಿನನಿತ್ಯ ಏಳುವ ಪ್ರಶ್ನೆ. ಆದರೆ ಅದು ಇತ್ಯರ್ಥವಾಗುವುದು ಕಾನೂನಿನ ಮಾತಿನಿಂದಲ್ಲ. ಮನೆ ಖಾಲಿ ಮಾಡುವ ದಿನ ಅಡ್ವಾನ್ಸ್ ಹಣ ಯಾರ ಕೈಯಲ್ಲಿದೆಯೋ ಅವರು ಹಾಕಿದ ಲೆಕ್ಕವೇ ಕೊನೆಯ ಲೆಕ್ಕವಾಗುತ್ತದೆ. ಈ ಪದ್ಧತಿ ಬಾಡಿಗೆದಾರರಿಗೂ ಒಳ್ಳೆಯದಲ್ಲ, ಪ್ರಾಮಾಣಿಕ ಮಾಲೀಕರಿಗೂ ಒಳ್ಳೆಯದಲ್ಲ. ಅಜಾಗರೂಕತೆಯಿಂದಾದ ಹಾನಿಗೆ ಬಾಡಿಗೆದಾರರೇ ಹೊಣೆಯಾಗಬೇಕು, ನಿಜವಾದ ಆಕಸ್ಮಿಕಕ್ಕೆ ಆಗಬಾರದು. ಹೊಣೆ ಇರುವಲ್ಲೂ ಕೊಡಬೇಕಾದದ್ದು ಹಾಳಾದ ವಸ್ತುವಿನ ಉಳಿದ ಬೆಲೆಯನ್ನೇ ಹೊರತು ಹೊಸದರ ಬೆಲೆಯನ್ನಲ್ಲ. ಈ ಎರಡು ಮಾತುಗಳಿಗೆ ನಮ್ಮ ಕಾನೂನಿನಲ್ಲೂ ಬೇರೆ ದೇಶಗಳ ಅನುಭವದಲ್ಲೂ ಆಧಾರಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲು ನಮ್ಮ ರೂಢಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬಹುಕಾಲದಿಂದ ನಡೆದುಬಂದಿದೆ. ಈಚೆಗೆ ಕೆಲವು ಬಡಾವಣೆಗಳಲ್ಲಿ ಅದು ಆರಕ್ಕೋ ಐದಕ್ಕೋ ಇಳಿದಿದ್ದರೂ ದೇಶದ ಬೇರೆ ದೊಡ್ಡ ನಗರಗಳಿಗೆ ಹೋಲಿಸಿದರೆ ಇಲ್ಲಿಯ ಮೊತ್ತ ಹೆಚ್ಚೇ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಎರಡೂವರೆ ಲಕ್ಷ ರೂಪಾಯಿ. ಇಷ್ಟು ಹಣ ಬಡ್ಡಿಯಿಲ್ಲದೆ ಮಾಲೀಕರ ಬಳಿ ಇರುತ್ತದೆ. ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕು. ಇ-ಸ್ಟ್ಯಾಂಪ್ ಕಾಗದದ ಮೇಲೆ ಹಳೆಯ ಮಾದರಿಯನ್ನೇ ನಕಲು ಮಾಡಿ, ಹೆಸರು ಮತ್ತು ಮೊತ್ತ ಮಾತ್ರ ಬದಲಿಸಿ ಟೈಪು ಮಾಡಿಸಿದ ಈ ಕರಾರಿನಲ್ಲಿ ಹಾನಿಯ ಬಗ್ಗೆ ಒಂದೇ ಸಾಲು ಇರುತ್ತದೆ. ಮನೆಗೆ ಯಾವುದೇ ಹಾನಿಯಾದರೂ ಬಾಡಿಗೆದಾರರೇ ತುಂಬಿಕೊಡಬೇಕು, ಇಲ್ಲವಾದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಾಗುವುದು ಎಂಬುದು ಅದರ ಸಾರ. ಹಾನಿ ಎಂದರೆ ಏನು, ಅದು ಹೇಗೆ ಆಯಿತು ಎಂದು ಯಾರು ತೋರಿಸಬೇಕು, ಬೆಲೆ ಕಟ್ಟುವುದು ಹೇಗೆ ಎಂಬುದರ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ. ಇದರ ಜೊತೆಗೆ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವ ರೂಢಿಯಿದೆ. ಗೋಡೆ ಕೆಟ್ಟಿದ್ದರೂ ಕೆಡದಿದ್ದರೂ, ಬಾಡಿಗೆದಾರರು ಹತ್ತು ತಿಂಗಳು ಇದ್ದರೂ ಹತ್ತು ವರ್ಷ ಇದ್ದರೂ ಈ ಕಡಿತದಲ್ಲಿ ಬದಲಾವಣೆ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ? ಇಂದಿಗೂ ಬಹುಪಾಲು ಮನೆಗಳಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರ್ನಾಟಕಕ್ಕೆ ತನ್ನದೇ ಆದ 1999ರ ಬಾಡಿಗೆ ಕಾಯ್ದೆ ಇದೆ. ಅದು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗಿಟ್ಟಿರುವುದರಿಂದ ಇಂದಿನ ಬೆಂಗಳೂರಿನಲ್ಲಿ ಒಂದು ಕೋಣೆಯ ಮನೆಯೂ ಅದರ ವ್ಯಾಪ್ತಿಗೆ ಬರುವುದು ಕಷ್ಟ. ಹಾಗಾಗಿ ನಾವು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿಗೇ ಹೋಗಬೇಕು. ಕರಾರಿನಲ್ಲಾಗಲಿ ಸ್ಥಳೀಯ ರೂಢಿಯಲ್ಲಾಗಲಿ ಬೇರೆ ಮಾತಿಲ್ಲದಿದ್ದರೆ ಈ ಕಲಮು ಎರಡೂ ಕಡೆಯವರ ಹಕ್ಕು ಬಾಧ್ಯತೆಗಳನ್ನು ನಿಗದಿ ಮಾಡುತ್ತದೆ. ಮನೆಯನ್ನು ತಮ್ಮದೇ ಮನೆ ಎಂಬಂತೆ, ಸಾಮಾನ್ಯ ವಿವೇಕವುಳ್ಳವರು ಬಳಸುವ ರೀತಿಯಲ್ಲಿ ಬಳಸಬೇಕು ಎಂಬುದು ಬಾಡಿಗೆದಾರರ ಮೇಲಿನ ಒಂದು ಬಾಧ್ಯತೆ. ಬಿಟ್ಟುಹೋಗುವಾಗ, ಪಡೆದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಮನೆಯನ್ನು ಒಪ್ಪಿಸಬೇಕು ಎಂಬುದು ಇನ್ನೊಂದು. ಇದಕ್ಕೆ ಎರಡು ವಿನಾಯಿತಿಗಳಿವೆ: ಸಹಜ ಬಳಕೆಯಿಂದಾದ ಸವೆತ, ಮತ್ತು ತಡೆಯಲಾಗದ ಶಕ್ತಿಯಿಂದಾದ ಹಾನಿ. ಬಾಡಿಗೆದಾರರ ಅಥವಾ ಅವರ ಕೆಲಸದವರ ಕೃತ್ಯದಿಂದಲೋ ಲೋಪದಿಂದಲೋ ಕೊರತೆ ಉಂಟಾಗಿದ್ದರೆ, ಮಾಲೀಕರು ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಅದನ್ನು ಸರಿಪಡಿಸಿಕೊಡಬೇಕು ಎಂದೂ ಅದೇ ಖಂಡ ಹೇಳುತ್ತದೆ.

ಈ ಖಂಡದ ಎರಡು ಭಾಗಗಳ ನಡುವೆ ಒಂದು ತೆರಪಿದೆ. ನಮ್ಮ ಪ್ರಶ್ನೆ ಹುಟ್ಟುವುದೇ ಅಲ್ಲಿ. ಮೊದಲ ಭಾಗವನ್ನು ಅಕ್ಷರಶಃ ಓದಿದರೆ, ಸವೆತವೂ ಅಲ್ಲದ, ಬೆಂಕಿ ಬಿರುಗಾಳಿ ಪ್ರವಾಹಗಳಂಥ ತಡೆಯಲಾಗದ ಶಕ್ತಿಯೂ ಅಲ್ಲದ ಎಲ್ಲ ಹಾನಿಯೂ ಬಾಡಿಗೆದಾರರ ತಲೆಗೇ ಬರುತ್ತದೆ. ಅವರ ತಪ್ಪು ಇದೆಯೇ ಇಲ್ಲವೇ ಎಂಬ ವಿಚಾರಣೆಗೆ ಅಲ್ಲಿ ಎಡೆಯಿಲ್ಲ. ಎರಡನೆಯ ಭಾಗ ಮಾತ್ರ ಅವರ ಕೃತ್ಯ ಅಥವಾ ಲೋಪವನ್ನು ಕೇಳುತ್ತದೆ. ಮಾಲೀಕರ ಪರ ವಾದಿಸುವವರು ಮೊದಲ ಭಾಗವನ್ನು ಹಿಡಿಯುತ್ತಾರೆ. ಆದರೆ ಕಲಮನ್ನು ಇಡಿಯಾಗಿ ಓದಿದಾಗ ಕಾಣುವ ಚಿತ್ರ ಬೇರೆ. ಸಾಮಾನ್ಯ ವಿವೇಕದ ಬಳಕೆಯನ್ನು ಅಳತೆಗೋಲಾಗಿ ಇಟ್ಟ ಕಾನೂನು, ಆ ಅಳತೆಗೆ ಸರಿಯಾಗಿ ನಡೆದುಕೊಂಡವರನ್ನೂ ದಂಡಿಸಲು ಹೊರಟಿದೆ ಎಂದು ಹೇಳುವುದು ಸಮಂಜಸವಲ್ಲ. ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಮನೆಯ ಮುಖ್ಯ ಭಾಗ ನಾಶವಾದರೆ ಬಾಡಿಗೆದಾರರು ಗುತ್ತಿಗೆಯನ್ನೇ ಕೊನೆಗೊಳಿಸಬಹುದು ಎಂದು ಅದೇ ಕಲಮು ಹೇಳುತ್ತದೆ. ಹಾನಿಗೆ ಅವರ ತಪ್ಪು ಅಥವಾ ಲೋಪವೇ ಕಾರಣವಾಗಿದ್ದರೆ ಆ ಅನುಕೂಲವಿಲ್ಲ ಎಂದೂ ಸೇರಿಸುತ್ತದೆ. ಇಡೀ ಮನೆ ಸುಟ್ಟುಹೋದಾಗಲೂ ತಪ್ಪು ಯಾರದು ಎಂದು ಕೇಳುವ ಕಾನೂನು, ಒಂದು ವಾಷ್ ಬೇಸಿನ್ ಸೀಳಿದಾಗ ಆ ಪ್ರಶ್ನೆಯನ್ನೇ ಕೇಳಬಾರದು ಎಂದರೆ ಅದಕ್ಕೆ ಅರ್ಥವಿಲ್ಲ. 1872ರ ಕರಾರು ಕಾಯ್ದೆಯೂ ಇದೇ ದಾರಿಯಲ್ಲಿದೆ. ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವರು ಸಾಮಾನ್ಯ ವಿವೇಕಿಯೊಬ್ಬರು ತಮ್ಮ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ ವಹಿಸಿದ್ದರೆ, ವಿಶೇಷ ಕರಾರು ಇಲ್ಲದಿದ್ದಲ್ಲಿ ಅದರ ನಾಶಕ್ಕೆ ಹೊಣೆಯಲ್ಲ ಎಂದು ಅದರ 151 ಮತ್ತು 152ನೇ ಕಲಮುಗಳು ಹೇಳುತ್ತವೆ. ಅವು ಚರಾಸ್ತಿಗೆ ಸಂಬಂಧಿಸಿದವು, ಮನೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಪರರ ಸ್ವತ್ತಿನ ಬಗ್ಗೆ ನಮ್ಮ ಕಾನೂನು ಯಾವ ಮಟ್ಟದ ಎಚ್ಚರವನ್ನು ಬಯಸುತ್ತದೆ ಎಂಬುದನ್ನು ಅವು ತಿಳಿಸುತ್ತವೆ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ತೆರಪನ್ನು ಹೆಚ್ಚುಕಡಿಮೆ ಮುಚ್ಚಿದೆ. ಬಾಡಿಗೆದಾರರು ಮನೆಯನ್ನು ಉದ್ದೇಶಪೂರ್ವಕವಾಗಿ ಅಥವಾ ಅಜಾಗರೂಕತೆಯಿಂದ ಹಾಳುಮಾಡಬಾರದು, ಹಾಗೆ ಮಾಡಲು ಬೇರೆಯವರಿಗೆ ಬಿಡಬಾರದು, ಹಾನಿಯಾದರೆ ಆದಷ್ಟು ಬೇಗ ಮಾಲೀಕರಿಗೆ ತಿಳಿಸಬೇಕು ಎಂಬುದು ಅದರ ನಿಲುವು. ಉದ್ದೇಶ ಮತ್ತು ಅಜಾಗರೂಕತೆ ಎಂಬ ಎರಡನ್ನೇ ಹೆಸರಿಸಿದ್ದರಿಂದ ಶುದ್ಧ ಆಕಸ್ಮಿಕ ಹೊರಗುಳಿಯಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದು ಅದು ಮಿತಿ ಹಾಕಿದೆ. ದುರಸ್ತಿಯ ಕೆಲಸಗಳನ್ನು ಪಟ್ಟಿ ಮಾಡಿ ಹಂಚಿದೆ ಕೂಡ: ಕಟ್ಟಡದ ಮೂಲ ರಚನೆಯ ದುರಸ್ತಿ, ಸುಣ್ಣಬಣ್ಣ, ಕೊಳಾಯಿ ಪೈಪುಗಳ ಬದಲಾವಣೆ, ವೈರಿಂಗ್ ಇವು ಮಾಲೀಕರಿಗೆ, ನಲ್ಲಿ ಮತ್ತು ವಾಷರ್, ಗೀಸರ್ ರಿಪೇರಿ, ಸ್ವಿಚ್ಚು ಸಾಕೆಟ್ಟು, ಬೀಗ, ಕಿಟಕಿಯ ಗಾಜು, ಸೊಳ್ಳೆಪರದೆ ಇವು ಬಾಡಿಗೆದಾರರಿಗೆ. ಬೆಂಗಳೂರಿನ ರೂಢಿಗೂ ಈ ಪಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ಸುಣ್ಣಬಣ್ಣದ್ದು. ಒಂದು ತಿಂಗಳ ಬಾಡಿಗೆಯನ್ನು ಯಾಂತ್ರಿಕವಾಗಿ ಕಡಿತ ಮಾಡುವುದಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ. ಆದರೆ ಇದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಶಾಸನಸಭೆಗಳಲ್ಲಿ ಕಾಯ್ದೆ ಮಾಡಿದಾಗಲೇ ಅದಕ್ಕೆ ಬಲ ಬರುತ್ತದೆ.

ಕಾನೂನಿನ ಈ ನೆಲೆಯಿಂದ ನಿತ್ಯದ ಪ್ರಕರಣಗಳಿಗೆ ಬಂದರೆ ಹಾನಿಯನ್ನು ಮೂರು ಬಗೆಯಾಗಿ ಬೇರ್ಪಡಿಸಬಹುದು. ಮೊದಲನೆಯದು ಸವೆತ. ಬಿಸಿಲಿಗೆ ಬಣ್ಣ ಮಾಸುವುದು, ಓಡಾಟದ ಜಾಗದಲ್ಲಿ ನೆಲದ ಹೊಳಪು ಹೋಗುವುದು, ಬಾಗಿಲಿನ ತಿರುಗಣೆ ಸಡಿಲವಾಗುವುದು, ಕ್ಯಾಲೆಂಡರು ತೂಗುಹಾಕಿದ ಮೊಳೆಯ ತೂತು ಇವೆಲ್ಲ ವಾಸದ ಫಲ. ಬಾಡಿಗೆ ಎಂದರೆ ಈ ಸವೆತದ ಬೆಲೆಯೇ. ಅದನ್ನು ಪ್ರತಿ ತಿಂಗಳೂ ಕೊಟ್ಟವರಿಂದ ಕೊನೆಯಲ್ಲಿ ಮತ್ತೊಮ್ಮೆ ವಸೂಲು ಮಾಡುವುದು ಒಂದೇ ಸರಕಿಗೆ ಎರಡು ಬೆಲೆ ಪಡೆದಂತೆ. ಎರಡನೆಯದು ಆಕಸ್ಮಿಕ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿ ಅದನ್ನು ಬೇಗ ಸುಡುತ್ತದೆ, ನಲ್ಲಿಗಳ ಒಳಭಾಗ ಕಟ್ಟಿಕೊಳ್ಳುವಂತೆ ಮಾಡುತ್ತದೆ. ವಿದ್ಯುತ್ ಏರಿಳಿತಕ್ಕೆ ಫ್ಯಾನು ಸುಡುತ್ತದೆ. ಸ್ನಾನದ ಮನೆಯ ಟೈಲುಗಳ ಸಂದಿಯಿಂದ ನೀರು ಇಳಿದು ಪಕ್ಕದ ಗೋಡೆ ಉಬ್ಬುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಮಹದೇವಪುರದ ಸುತ್ತಮುತ್ತ ಮನೆಗಳಿಗೆ ನೀರು ನುಗ್ಗಿದಾಗ ಹಾಳಾದ ಬಾಗಿಲು, ಕಪಾಟುಗಳಿಗೆ ಒಳಗೆ ವಾಸವಿದ್ದವರನ್ನು ಹೊಣೆ ಮಾಡುವುದು ಯಾವ ನ್ಯಾಯಕ್ಕೂ ಹೊಂದುವುದಿಲ್ಲ. ಮೂರನೆಯದು ಅಜಾಗರೂಕತೆ. ಒಲೆಯ ಮೇಲೆ ಎಣ್ಣೆ ಇಟ್ಟು ಹೊರಗೆ ಹೋಗುವುದು, ಸಂಪಿನ ಮೋಟರು ಹಾಕಿ ಮರೆಯುವುದು, ಪೈಪು ಎಲ್ಲಿದೆ ಎಂದು ನೋಡದೆ ಗೋಡೆಗೆ ಡ್ರಿಲ್ ಹಾಕುವುದು, ಬಿಸಿ ಬಾಣಲೆಯನ್ನು ಮರದ ಕಪಾಟಿನ ಮೇಲಿಡುವುದು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕೇಡು ಮಾಡುವ ಉದ್ದೇಶವಿಲ್ಲ, ಆದರೆ ವಹಿಸಬೇಕಾದ ಎಚ್ಚರವೂ ಇಲ್ಲ. ಆಡುಮಾತಿನಲ್ಲಿ ಇವನ್ನೂ ಆಕಸ್ಮಿಕ ಎಂದೇ ಕರೆಯುತ್ತೇವೆ. ಇಂಥ ಹಾನಿಗೆ ಬಾಡಿಗೆದಾರರೇ ತೆರಬೇಕು ಎನ್ನುವುದರಲ್ಲಿ ಅನುಮಾನವಿಲ್ಲ.

ಮೂರು ಬಗೆಗಳ ನಡುವಿನ ಗೆರೆ ಯಾವಾಗಲೂ ಇಷ್ಟು ನಿಚ್ಚಳವಾಗಿರುವುದಿಲ್ಲ, ನಿಜ. ವಾಷಿಂಗ್ ಮಷೀನಿನ ಪೈಪು ಕಳಚಿದ್ದನ್ನೇ ತೆಗೆದುಕೊಳ್ಳಿ. ಮಾಲೀಕರು ಹಾಕಿಸಿದ ನಲ್ಲಿಯ ತಿರುಪು ಸವೆದು ಕಳಚಿದ್ದರೆ ಅದು ಮಾಲೀಕರ ಖರ್ಚು. ಬಾಡಿಗೆದಾರರು ತಂದ ಹಳೆಯ ಪೈಪು ಬಿರುಕು ಬಿಟ್ಟಿದ್ದು ಕಣ್ಣಿಗೆ ಕಾಣುತ್ತಿದ್ದರೂ ಬದಲಿಸದೆ ಬಿಟ್ಟಿದ್ದರೆ ಅದು ಬಾಡಿಗೆದಾರರದ್ದು. ಸಣ್ಣದಾಗಿ ನೀರು ಜಿನುಗುತ್ತಿದೆ ಎಂದು ಬಾಡಿಗೆದಾರರು ಎರಡು ಸಲ ತಿಳಿಸಿದರೂ ಮಾಲೀಕರು ಪ್ಲಂಬರನ್ನು ಕಳಿಸದೆ ಹಾನಿ ದೊಡ್ಡದಾದರೆ ಹೊಣೆ ಮತ್ತೆ ಮಾಲೀಕರಿಗೆ ಮರಳುತ್ತದೆ. ಮಾಲೀಕರು ತಾವು ಮಾಡಿಸಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಬಡ್ಡಿಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಎಂದು 108ನೇ ಕಲಮೇ ಹೇಳಿದೆ. ಅದೇ ಪ್ರಕಾರ, ಜಿನುಗುವುದನ್ನು ಕಂಡೂ ತಿಂಗಳುಗಟ್ಟಲೆ ಸುಮ್ಮನಿದ್ದ ಬಾಡಿಗೆದಾರರು ಮೂಲದೋಷ ಕಟ್ಟಡದ್ದಾದರೂ ಹೆಚ್ಚಿದ ಹಾನಿಯಲ್ಲಿ ಪಾಲುದಾರರಾಗುತ್ತಾರೆ. ಆದ್ದರಿಂದ ಪ್ರತಿ ಪ್ರಕರಣದಲ್ಲೂ ಕೇಳಬೇಕಾದ ಪ್ರಶ್ನೆಗಳು ಮೂರೇ: ವಸ್ತು ಹಾಳಾಗಲು ಕಾರಣವೇನು, ಅದನ್ನು ಮೊದಲೇ ಊಹಿಸಿ ತಪ್ಪಿಸಲು ಯಾರಿಗೆ ಸಾಧ್ಯವಿತ್ತು, ಗೊತ್ತಾದ ಮೇಲೆ ಯಾರು ಸುಮ್ಮನಿದ್ದರು.

ಹೊಣೆ ಯಾರದು ಎಂಬುದು ತೀರ್ಮಾನವಾದ ಮೇಲೆ ಮೊತ್ತದ ಪ್ರಶ್ನೆ ಬರುತ್ತದೆ. ಅತಿ ಹೆಚ್ಚು ಅನ್ಯಾಯ ನಡೆಯುವುದು ಇಲ್ಲಿಯೇ. ಎಂಟು ವರ್ಷ ಹಳೆಯ ಗೀಸರ್ ಬಾಡಿಗೆದಾರರ ತಪ್ಪಿನಿಂದಲೇ ಹಾಳಾಯಿತು ಎಂದಿಟ್ಟುಕೊಳ್ಳೋಣ. ಹೊಸ ಗೀಸರಿನ ಪೂರ್ತಿ ಬೆಲೆಯನ್ನು ವಸೂಲು ಮಾಡಿದರೆ ಮಾಲೀಕರಿಗೆ ಹಳೆಯದರ ಬದಲು ಹೊಸದು ಪುಕ್ಕಟೆ ಸಿಕ್ಕಂತಾಯಿತು. ನಷ್ಟ ತುಂಬಿಕೊಡುವುದರ ಉದ್ದೇಶ ನಷ್ಟವಾದವರನ್ನು ಮೊದಲಿನ ಸ್ಥಿತಿಗೆ ತರುವುದು, ಲಾಭ ಮಾಡಿಕೊಡುವುದಲ್ಲ. ಒಂದು ಲೆಕ್ಕ ನೋಡಿ. ಮನೆಗೆ ಬಣ್ಣ ಹೊಡೆಸಲು 30,000 ರೂಪಾಯಿ ತಗಲುತ್ತದೆ, ಬಣ್ಣದ ಬಾಳಿಕೆ ಐದು ವರ್ಷ ಎಂದು ಎರಡೂ ಕಡೆಯವರು ಒಪ್ಪಿದ್ದಾರೆ. ಮೂರು ವರ್ಷವಾದ ಮೇಲೆ ಬಾಡಿಗೆದಾರರ ಅಜಾಗರೂಕತೆಯಿಂದ ಗೋಡೆಗಳೆಲ್ಲ ಹೊಗೆ ಹಿಡಿದು ಕಪ್ಪಾದವು. ಉಳಿದಿದ್ದ ಬಾಳಿಕೆ ಎರಡು ವರ್ಷ, ಹಾಗಾಗಿ ಕೊಡಬೇಕಾದದ್ದು 12,000 ರೂಪಾಯಿ. ಐದು ವರ್ಷ ತುಂಬಿದ ಮೇಲೆ ಹೀಗಾಗಿದ್ದರೆ ಬಣ್ಣದ ಬಾಬ್ತು ಕೊಡಬೇಕಾದದ್ದು ಏನೂ ಇಲ್ಲ. ಈ ತತ್ವಕ್ಕೆ ಕರಾರು ಕಾಯ್ದೆಯ 73 ಮತ್ತು 74ನೇ ಕಲಮುಗಳ ಬೆಂಬಲವಿದೆ. ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದರೂ ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯಸಮ್ಮತ ಪರಿಹಾರವೇ ಎಂದು 74ನೇ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 1963ರಲ್ಲಿ ಫತೇಚಂದ್ ಪ್ರಕರಣದಲ್ಲೂ 2015ರಲ್ಲಿ ಕೈಲಾಸನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲೂ ಈ ಕಲಮನ್ನು ವಿವರಿಸಿದೆ. ಎರಡನೆಯದರಲ್ಲಿ, ನಷ್ಟವೇ ಆಗಿಲ್ಲದಿದ್ದರೆ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗದು ಎಂಬ ಮಾತು ಸ್ಪಷ್ಟವಾಗಿದೆ. ಅವು ಬಾಡಿಗೆ ಮನೆಯ ಪ್ರಕರಣಗಳಲ್ಲ, ಆದರೆ ಮುಂಗಡ ಹಣದಲ್ಲಿ ಕಡಿತ ಮಾಡುವ ಪ್ರತಿಯೊಬ್ಬರಿಗೂ ಆ ತತ್ವ ಅನ್ವಯಿಸುತ್ತದೆ.

ಬೇರೆ ದೇಶಗಳು ಇದೇ ಸಮಸ್ಯೆಯನ್ನು ಹೇಗೆ ಬಿಡಿಸಿಕೊಂಡಿವೆ ಎಂಬುದನ್ನು ನೋಡಿದರೆ ದಾರಿಗಳು ಹಲವು ಇವೆ ಎಂದು ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಕಲಿಯಬಹುದಾದದ್ದು ನ್ಯೂಜಿಲೆಂಡಿನಿಂದ. ಅಲ್ಲಿ ಬಾಡಿಗೆ ಮನೆಯೊಂದರಲ್ಲಿ ಒಲೆಯ ಮೇಲೆ ಬಿಟ್ಟ ಎಣ್ಣೆ ಹೊತ್ತಿಕೊಂಡು ಎರಡು ಲಕ್ಷ ಡಾಲರಿಗೂ ಮೀರಿದ ಹಾನಿಯಾಯಿತು. ಮಾಲೀಕರಿಗೆ ಹಣ ಕೊಟ್ಟ ವಿಮಾ ಕಂಪನಿ ಬಾಡಿಗೆದಾರರಿಂದ ಅದನ್ನು ವಸೂಲು ಮಾಡಲು ಹೊರಟಿತು. 2016ರಲ್ಲಿ ಆ ದೇಶದ ಮೇಲ್ಮನವಿ ನ್ಯಾಯಾಲಯ, ಮನೆಗೆ ವಿಮೆ ಇರುವಾಗ ಉದ್ದೇಶಪೂರ್ವಕವಲ್ಲದ ಇಂಥ ಹಾನಿಗೆ ಬಾಡಿಗೆದಾರರನ್ನು ಹೊಣೆ ಮಾಡಲಾಗದು ಎಂದು ತೀರ್ಪಿತ್ತಿತು. ಮಾಲೀಕರು ಇದನ್ನು ವಿರೋಧಿಸಿದರು. ಹೀಗಾದರೆ ಎಚ್ಚರ ವಹಿಸುವವರು ಯಾರು ಎಂಬುದು ಅವರ ಪ್ರಶ್ನೆಯಾಗಿತ್ತು. 2019ರಲ್ಲಿ ಸಂಸತ್ತು ನಡುದಾರಿಯೊಂದನ್ನು ಹಿಡಿದು ಕಾಯ್ದೆ ತಿದ್ದಿತು. ಅದರಂತೆ ಅಜಾಗರೂಕತೆಯಿಂದಾದ ಹಾನಿಗೆ ಬಾಡಿಗೆದಾರರು ಕೊಡಬೇಕಾದದ್ದು ನಾಲ್ಕು ವಾರದ ಬಾಡಿಗೆ ಅಥವಾ ವಿಮೆಯಲ್ಲಿ ಮಾಲೀಕರೇ ಭರಿಸಬೇಕಾದ ಮೊದಲ ಪಾಲು, ಇವೆರಡರಲ್ಲಿ ಕಡಿಮೆ ಇರುವುದನ್ನು. ಬೇಕೆಂದೇ ಮಾಡಿದ ಹಾನಿಗೆ ಮಿತಿಯಿಲ್ಲ. ಎಚ್ಚರ ತಪ್ಪಿದವರಿಗೆ ನೋವು ತಟ್ಟುತ್ತದೆ, ಆದರೆ ಒಂದು ಕ್ಷಣದ ಮರೆವಿಗೆ ಕುಟುಂಬ ಮುಳುಗುವುದಿಲ್ಲ.

ಇಂಗ್ಲೆಂಡಿನ ಗಮನ ಹಣ ಯಾರ ಬಳಿ ಇರಬೇಕು ಎಂಬುದರ ಮೇಲೆ. 2007ರ ಏಪ್ರಿಲ್‌ನಿಂದ ಅಲ್ಲಿ ಮಾಲೀಕರು ಮುಂಗಡವನ್ನು ಸರ್ಕಾರ ಮಾನ್ಯ ಮಾಡಿದ ಠೇವಣಿ ಯೋಜನೆಯಲ್ಲಿ ರಕ್ಷಿಸಬೇಕು. ಈಗ ಅದಕ್ಕೆ 30 ದಿನಗಳ ಗಡುವಿದೆ, ತಪ್ಪಿದರೆ ಮುಂಗಡದ ಮೂರು ಪಟ್ಟಿನವರೆಗೆ ದಂಡವಿದೆ. ಬಹುಪಾಲು ಮನೆಗಳಿಗೆ ಮುಂಗಡ ಐದು ವಾರದ ಬಾಡಿಗೆಯನ್ನು ಮೀರಬಾರದು ಎಂದು 2019ರ ಕಾಯ್ದೆ ಹೇಳಿತು. ಜಗಳವಾದಾಗ ಆ ಯೋಜನೆಯ ತೀರ್ಪುಗಾರರು ಹಣವನ್ನು ಬಾಡಿಗೆದಾರರದ್ದೆಂದು ಭಾವಿಸಿಯೇ ಆರಂಭಿಸುತ್ತಾರೆ. ಮನೆಗೆ ಸೇರಿದ ದಿನದ ಪಟ್ಟಿ, ಬಿಟ್ಟ ದಿನದ ಪಟ್ಟಿ, ಫೋಟೋ, ಬಿಲ್ಲುಗಳಿಂದ ಮಾಲೀಕರು ತಮ್ಮ ಹಕ್ಕನ್ನು ತೋರಿಸಬೇಕು, ಹಳೆಯದಕ್ಕೆ ಹೊಸದರ ಬೆಲೆ ಕೇಳುವಂತಿಲ್ಲ. ಜರ್ಮನಿಯಲ್ಲಿ ಮುಂಗಡ ಮೂರು ತಿಂಗಳ ಬಾಡಿಗೆಗೆ ಸೀಮಿತ. ಸಣ್ಣಪುಟ್ಟ ರಿಪೇರಿಯನ್ನು ಬಾಡಿಗೆದಾರರ ಮೇಲೆ ಹಾಕುವ ಷರತ್ತು ಒಂದು ರಿಪೇರಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂಬ ಮಿತಿ ಇದ್ದರೆ ಮಾತ್ರ ಊರ್ಜಿತ. ಮನೆ ವಾಪಸು ಪಡೆದ ಆರು ತಿಂಗಳೊಳಗೆ ಮಾಲೀಕರು ಹಾನಿಯ ಹಕ್ಕು ಮಂಡಿಸದಿದ್ದರೆ ಅದು ಕಾಲಬಾಧಿತವಾಗುತ್ತದೆ. ಫ್ರಾನ್ಸ್ ಹಿಡಿದದ್ದು ಇದಕ್ಕೆ ವಿರುದ್ಧದ ದಾರಿ. ಬೆಂಕಿ ಬಿದ್ದರೆ ತನ್ನ ತಪ್ಪಿಲ್ಲ ಎಂಬುದಕ್ಕೆ ಕಾನೂನು ಹೇಳಿದ ಕಾರಣಗಳನ್ನು ತೋರಿಸುವ ಭಾರವನ್ನು ಅಲ್ಲಿಯ ನಾಗರಿಕ ಸಂಹಿತೆ ಬಾಡಿಗೆದಾರರ ಮೇಲೆಯೇ ಹಾಕಿದೆ. ಆದರೆ ಅದೇ ಕಾರಣಕ್ಕೆ ಆ ದೇಶ ಬಾಡಿಗೆದಾರರಿಗೆ ವಿಮೆಯನ್ನೂ ಕಡ್ಡಾಯ ಮಾಡಿದೆ. ಹೊಣೆಯನ್ನು ಯಾರ ಮೇಲೆ ಹಾಕಿದರೂ ಆ ಹೊಣೆಯನ್ನು ಹೊರುವ ಸಾಮರ್ಥ್ಯವನ್ನೂ ಜೊತೆಗೇ ಒದಗಿಸಬೇಕು ಎಂಬ ತಿಳಿವಳಿಕೆ ಈ ಎಲ್ಲ ದೇಶಗಳಲ್ಲಿ ಸಮಾನವಾಗಿದೆ. ನಮ್ಮಲ್ಲಿ ಹೊಣೆ ಮಾತ್ರ ಇದೆ.

ಈ ವಾದಕ್ಕೆ ಮಾಲೀಕರ ಕಡೆಯಿಂದ ಬರುವ ಆಕ್ಷೇಪಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಕಸ್ಮಿಕಕ್ಕೆ ವಿನಾಯಿತಿ ಕೊಟ್ಟರೆ ಎಲ್ಲರೂ ಎಲ್ಲವನ್ನೂ ಆಕಸ್ಮಿಕ ಎಂದೇ ಹೇಳುತ್ತಾರೆ. ಮುಚ್ಚಿದ ಬಾಗಿಲಿನ ಹಿಂದೆ ಏನಾಯಿತು ಎಂದು ಮಾಲೀಕರಿಗೆ ಗೊತ್ತಾಗುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯವಿದೆ. ಅದಕ್ಕೆ ಪರಿಹಾರ ಪುರಾವೆಯ ಭಾರವನ್ನು ಸರಿಯಾಗಿ ಹಂಚುವುದರಲ್ಲಿದೆ. ಒಬ್ಬರಿಗೆ ಮಾತ್ರ ವಿಶೇಷವಾಗಿ ತಿಳಿದಿರುವ ಸಂಗತಿಯನ್ನು ಅವರೇ ರುಜುವಾತು ಮಾಡಬೇಕು ಎಂಬ ತತ್ವ ನಮ್ಮ ಹಳೆಯ ಸಾಕ್ಷ್ಯ ಕಾಯ್ದೆಯ 106ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಮಿನಲ್ಲೂ ಇದೆ. ಸಹಜ ಸವೆತವನ್ನು ಮೀರಿದ ಹಾನಿಯಾಗಿದೆ ಎಂದು ಮಾಲೀಕರು ಮೊದಲ ದಿನದ ದಾಖಲೆಯಿಂದ ತೋರಿಸಿದರೆ, ಅದು ಹೇಗಾಯಿತು ಎಂದು ವಿವರಿಸುವ ಹೊಣೆ ಒಳಗಿದ್ದ ಬಾಡಿಗೆದಾರರದ್ದು. ಹಾನಿಯಾದ ಕೂಡಲೇ ಫೋಟೋ ಸಮೇತ ತಿಳಿಸಿದವರ ಮಾತಿಗೆ ತೂಕವಿರಲಿ. ಮನೆ ಬಿಡುವ ದಿನದವರೆಗೂ ಮುಚ್ಚಿಟ್ಟವರ ಮಾತಿಗೆ ಅದು ಇರಬೇಕಿಲ್ಲ. ಹೀಗೆ ಮಾಡಿದರೆ ನಿಜ ಹೇಳುವವರಿಗೆ ಅನುಕೂಲ, ಬಚ್ಚಿಡುವವರಿಗೆ ನಷ್ಟ.

ಎಲ್ಲ ಮಾಲೀಕರೂ ಶ್ರೀಮಂತರಲ್ಲ ಎಂಬುದು ಎರಡನೆಯ ಆಕ್ಷೇಪ. ನಿವೃತ್ತಿಯ ಹಣದಲ್ಲಿ ಮೇಲೊಂದು ಮನೆ ಕಟ್ಟಿಸಿ, ಆ ಬಾಡಿಗೆಯಲ್ಲೇ ಔಷಧ ದಿನಸಿ ನಡೆಸುವ ಹಿರಿಯರು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಪ್ರತಿ ಬೀದಿಯಲ್ಲೂ ಇದ್ದಾರೆ. ಒಂದು ದೊಡ್ಡ ದುರಸ್ತಿ ಅವರ ಹಲವು ತಿಂಗಳ ಜೀವನವನ್ನು ಏರುಪೇರು ಮಾಡಬಲ್ಲದು. ಆದರೆ ಈ ಮಾತು ಆಕಸ್ಮಿಕದ ಖರ್ಚನ್ನು ಇನ್ನೊಂದು ಬಡ ಅಥವಾ ಮಧ್ಯಮ ವರ್ಗದ ಕುಟುಂಬಕ್ಕೆ ದಾಟಿಸಲು ಕಾರಣವಾಗಲಾರದು. ಕಟ್ಟಡ ಅವರದ್ದು, ನೆಲದ ಬೆಲೆ ಏರಿದರೆ ಲಾಭವೂ ಅವರದ್ದೇ. ಒಡೆತನದ ಜೊತೆಗೆ ಒಡೆತನದ ಅಪಾಯವೂ ಬರುತ್ತದೆ. ಆ ಅಪಾಯವನ್ನು ಹಗುರ ಮಾಡಿಕೊಳ್ಳಲು ವಿಮೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿ ಬೆಂಕಿ, ಸ್ಫೋಟ, ಸಿಡಿಲು, ಬಿರುಗಾಳಿ, ಪ್ರವಾಹದ ಜೊತೆಗೆ ನೀರಿನ ಟ್ಯಾಂಕು ಪೈಪುಗಳು ಒಡೆದು ಹರಿದಾಗ ಆಗುವ ಹಾನಿಯನ್ನೂ ಒಳಗೊಂಡಿದೆ. ಕಟ್ಟಡಕ್ಕೆ ಮಾಲೀಕರೂ ತಮ್ಮ ಸಾಮಾನು ಸರಂಜಾಮಿಗೆ ಬಾಡಿಗೆದಾರರೂ ಇದನ್ನು ಪಡೆಯಬಹುದು. ಪರಿಹಾರ ಕೊಟ್ಟ ವಿಮಾ ಕಂಪನಿ ಮಾಲೀಕರ ಸ್ಥಾನದಲ್ಲಿ ನಿಂತು ಬಾಡಿಗೆದಾರರ ಮೇಲೆ ದಾವೆ ಹೂಡಬಹುದಾದ್ದರಿಂದ, ನ್ಯೂಜಿಲೆಂಡ್ ಮಾಡಿದ ಹಾಗೆ ಅದಕ್ಕೊಂದು ಮಿತಿಯನ್ನು ನಮ್ಮ ಕಾನೂನಿನಲ್ಲೂ ಬರೆಯಬೇಕಾಗುತ್ತದೆ.

ಕರಾರಿಗೆ ಸಹಿ ಹಾಕಿದ ಮೇಲೆ ತಕರಾರೇಕೆ ಎಂಬುದು ಮೂರನೆಯ ಆಕ್ಷೇಪ. 108ನೇ ಕಲಮು ಕರಾರಿಗೆ ಆದ್ಯತೆ ಕೊಟ್ಟಿರುವುದು ನಿಜ. ಆದರೆ ಮಕ್ಕಳ ಶಾಲೆ ಆರಂಭವಾಗುವ ಮುನ್ನ ಮನೆ ಹಿಡಿಯಲೇಬೇಕಾದವರು, ಆಫೀಸಿಗೆ ಹತ್ತಿರದ ಮನೆಗೆ ಇನ್ನಿಬ್ಬರು ಕಾದಿರುವಾಗ ಅಡ್ವಾನ್ಸ್ ಕೊಡುತ್ತಿರುವವರು ಕರಾರಿನ ಒಂದು ಸಾಲನ್ನು ಬದಲಿಸಿ ಎಂದು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಸ್ವತಂತ್ರ ಒಪ್ಪಿಗೆಯ ತತ್ವ ಇಂಥ ಕಡೆ ಹೆಸರಿಗಷ್ಟೇ ಉಳಿಯುತ್ತದೆ. ಒಪ್ಪಿಗೆ ನಿಜವೆಂದೇ ಇಟ್ಟುಕೊಂಡರೂ, ಸಿಗುವುದು ನ್ಯಾಯಸಮ್ಮತ ನಷ್ಟವೇ ಎಂಬ 74ನೇ ಕಲಮಿನ ಮಿತಿಯನ್ನು ಕರಾರು ದಾಟಲಾರದು. ಇನ್ನು ಪೂರ್ತಿ ಖರ್ಚು ತಮ್ಮ ಕೈಯಿಂದಲೇ ಹೋಗುವಾಗ ಉಳಿದ ಬೆಲೆ ಮಾತ್ರ ಪಡೆದು ಏನು ಮಾಡುವುದು ಎಂದು ಮಾಲೀಕರು ಕೇಳಬಹುದು. ಆ ಖರ್ಚು ಇಂದಲ್ಲದಿದ್ದರೆ ಎರಡು ವರ್ಷದ ನಂತರ ಹೇಗೂ ಬರುವುದಿತ್ತು. ಬಾಡಿಗೆದಾರರು ಮಾಡಿದ್ದು ಅದನ್ನು ಎರಡು ವರ್ಷ ಮುಂಚೆ ತಂದದ್ದು. ಆ ಎರಡು ವರ್ಷದ ಬೆಲೆಯನ್ನು ಅವರು ಕೊಡುತ್ತಿದ್ದಾರೆ.

ಬಾಡಿಗೆದಾರರ ಕಡೆಯ ವಾದಗಳಲ್ಲೂ ಒಪ್ಪಲಾಗದವು ಇವೆ. ಅಡ್ವಾನ್ಸಿನ ಬಡ್ಡಿಯನ್ನು ಮಾಲೀಕರು ತಿಂದಿದ್ದಾರೆ, ಆದ್ದರಿಂದ ಸಣ್ಣ ಹಾನಿಯನ್ನು ಅವರೇ ಹೊರಲಿ ಎಂಬುದು ಸರಿಯಲ್ಲ. ಬಡ್ಡಿಯಿಲ್ಲದ ಮುಂಗಡ ಬೇರೆ ಅನ್ಯಾಯ, ಅದನ್ನು ಬೇರೆಯಾಗಿಯೇ ಸರಿಪಡಿಸಬೇಕು. ಅದರ ಹೆಸರಿನಲ್ಲಿ ತಾವು ಸುಟ್ಟ ಕಟ್ಟೆಯ ಹೊಣೆಯನ್ನು ಕಳಚಿಕೊಳ್ಳುವಂತಿಲ್ಲ. ಅಡ್ವಾನ್ಸ್ ವಾಪಸು ಬರುವುದಿಲ್ಲ ಎಂಬ ಭಯದಿಂದ ಕೊನೆಯ ಕೆಲವು ತಿಂಗಳ ಬಾಡಿಗೆಯನ್ನು ಕೊಡದೆ ಅದರಲ್ಲೇ ವಜಾ ಮಾಡಿಕೊಳ್ಳಿ ಎನ್ನುವ ರೂಢಿಯೂ ಹೆಚ್ಚಿದೆ. ಭಯಕ್ಕೆ ಕಾರಣವಿರಬಹುದು, ಆದರೆ ಇದರಿಂದ ಹಾನಿಗೆ ಭದ್ರತೆಯೆಂದು ಇಟ್ಟ ಹಣವೇ ಇಲ್ಲವಾಗಿ, ಮುಂದಿನ ಬಾಡಿಗೆದಾರರಿಂದ ಇನ್ನೂ ಹೆಚ್ಚು ಮುಂಗಡ ಕೇಳುವ ಪರಿಸ್ಥಿತಿ ಹುಟ್ಟುತ್ತದೆ. ಮನೆಗೆ ಬಂದ ಅತಿಥಿಗಳು, ಮಕ್ಕಳು, ಕೆಲಸದವರು ಮಾಡಿದ ಹಾನಿ ತಮ್ಮದಲ್ಲ ಎನ್ನುವುದೂ ನಿಲ್ಲದ ವಾದ. ಅವರನ್ನು ಒಳಗೆ ಬಿಟ್ಟವರು ಬಾಡಿಗೆದಾರರೇ ಹೊರತು ಮಾಲೀಕರಲ್ಲ. ಮಾದರಿ ಕಾಯ್ದೆಯ ಪಟ್ಟಿಯಂತೆ ನಲ್ಲಿಯ ವಾಷರು, ಸ್ವಿಚ್ಚುಗಳಂಥ ಸಣ್ಣ ರಿಪೇರಿಯನ್ನು ತಪ್ಪು ಒಪ್ಪಿನ ವಿಚಾರಣೆಯಿಲ್ಲದೆ ಬಾಡಿಗೆದಾರರು ವಹಿಸಿಕೊಳ್ಳುವುದೂ ವಿವೇಕವೇ, ಜರ್ಮನಿಯಂತೆ ಅದಕ್ಕೊಂದು ಮಿತಿ ಇರುವುದಾದರೆ. ನೂರು ರೂಪಾಯಿಯ ವಾಷರಿಗೆ ಎರಡು ಮನೆಗಳ ನಡುವೆ ಮನಸ್ತಾಪ ಬೆಳೆಯಬೇಕಾಗಿಲ್ಲ.

ಜಗಳ ಕೋರ್ಟಿಗೆ ಹೋದರೆ ಏನು ಎಂಬುದನ್ನೂ ನೋಡಬೇಕು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವಿದೆ, ಹಣ ವಸೂಲಿಗೆ ಮೂರು ವರ್ಷಗಳ ಕಾಲಮಿತಿಯಿದೆ. ಆದರೆ 20,000 ರೂಪಾಯಿಯ ಕಡಿತವನ್ನು ಪ್ರಶ್ನಿಸಲು ವಕೀಲರ ಶುಲ್ಕ ಕೊಟ್ಟು ವರ್ಷಗಟ್ಟಲೆ ಅಲೆಯುವವರು ಅಪರೂಪ. ಹಕ್ಕು ಇದ್ದರೂ ಅದನ್ನು ಪಡೆಯುವ ವೆಚ್ಚ ಹಕ್ಕಿಗಿಂತ ದೊಡ್ಡದಾದಾಗ, ಹಣ ಯಾರ ಬಳಿ ಇದೆಯೋ ಅವರೇ ನ್ಯಾಯಾಧೀಶರಾಗುತ್ತಾರೆ. ಮುಂಗಡ ದೊಡ್ಡದಾದಷ್ಟೂ ಈ ಅಸಮತೋಲ ಹೆಚ್ಚುತ್ತದೆ. ಆದ್ದರಿಂದ ಹಾನಿಯ ಪ್ರಶ್ನೆಯನ್ನು ಮುಂಗಡದ ಪ್ರಶ್ನೆಯಿಂದ ಬೇರ್ಪಡಿಸಿ ಪರಿಹರಿಸಲಾಗದು.

ಕರ್ನಾಟಕ ಮಾಡಬೇಕಾದ ಕೆಲಸ ಹೀಗಾಗಿ ಸ್ಪಷ್ಟವಾಗಿದೆ. 3,500 ರೂಪಾಯಿಯ ಗೆರೆಯಲ್ಲೇ ನಿಂತ ಹಳೆಯ ಕಾಯ್ದೆಯ ಜಾಗದಲ್ಲಿ ಇಂದಿನ ಮನೆಗಳಿಗೆ ಅನ್ವಯಿಸುವ ಕಾಯ್ದೆ ಬೇಕು. ಮುಂಗಡವನ್ನು ಎರಡು ಅಥವಾ ಮೂರು ತಿಂಗಳ ಬಾಡಿಗೆಗೆ ಮಿತಿಗೊಳಿಸುವುದು, ಹೊಣೆಯನ್ನು ಉದ್ದೇಶ ಮತ್ತು ಅಜಾಗರೂಕತೆಗೆ ಸೀಮಿತಗೊಳಿಸುವುದು, ಬಣ್ಣ ಗೀಸರ್ ಕಪಾಟುಗಳಂಥ ವಸ್ತುಗಳ ಬಾಳಿಕೆಯ ಪಟ್ಟಿಯನ್ನು ನಿಯಮದಲ್ಲೇ ಸೇರಿಸುವುದು, ಕಡಿತದ ಬಿಲ್ಲುಗಳನ್ನು ತಿಂಗಳೊಳಗೆ ಕೊಡದಿದ್ದರೆ ಮುಂಗಡ ಬಡ್ಡಿಸಮೇತ ಮರಳಬೇಕು ಎನ್ನುವುದು ಅದರ ತಿರುಳಾಗಬೇಕು. ಕಾಯ್ದೆ ಬರುವವರೆಗೂ ಕಾಯಬೇಕಾಗಿಲ್ಲ. ಮನೆಯ ಕೀಲಿ ಕೈಗೆ ಬಂದ ದಿನವೇ ಮಾಲೀಕರೂ ಬಾಡಿಗೆದಾರರೂ ಜೊತೆಯಾಗಿ ಪ್ರತಿ ಕೋಣೆಯ ಫೋಟೋ ತೆಗೆದು, ಗೋಡೆ, ನೆಲ, ನಲ್ಲಿ, ಗೀಸರ್, ಸ್ವಿಚ್ಚುಗಳ ಸ್ಥಿತಿಯನ್ನೂ ವಯಸ್ಸನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಲಿ. ಏನಾದರೂ ಕೆಟ್ಟರೆ ಅಂದೇ ವಾಟ್ಸಾಪಿನಲ್ಲಿ ತಿಳಿಸುವ ಅಭ್ಯಾಸ ಬಾಡಿಗೆದಾರರಿಗಿರಲಿ, ತಿಳಿಸಿದ ವಾರದೊಳಗೆ ಬಂದು ನೋಡುವ ಅಭ್ಯಾಸ ಮಾಲೀಕರಿಗಿರಲಿ. ಸಹಜ ಸವೆತ ಮಾಲೀಕರದ್ದು, ಅಜಾಗರೂಕತೆ ಬಾಡಿಗೆದಾರರದ್ದು, ಮೊತ್ತ ಉಳಿದ ಬಾಳಿಕೆಯಷ್ಟು ಎಂಬ ಮೂರು ಸಾಲುಗಳನ್ನು ಮುಂದಿನ ಕರಾರಿನಲ್ಲಿ ಸೇರಿಸಿಯೇ ಸಹಿ ಹಾಕಿ.